ಅಳಿಲು ಬೇಟೆಯ .22 ರೈಫಲ್‌ಗೆ 150 ಡಾಲರ್ ಒಳಗೆ ಯಾವ ಸ್ಕೋಪ್?

ಪ್ರಶ್ನೆ: ನಾನು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ. ಊರು ಮಡಿಕೇರಿ ಹತ್ತಿರ. ಇಲ್ಲಿನ ಬೇಟೆ ತರಬೇತಿ ಕೋರ್ಸ್ ಮುಗಿಸಿ ರೂಗರ್ 10/22 ರೈಫಲ್ (.22 ಇಂಚಿನ ಸಣ್ಣ ಗುಂಡಿನದು) ತಗೊಂಡಿದ್ದೇನೆ. ಸೆಪ್ಟೆಂಬರ್‌ನಲ್ಲಿ ಆಫೀಸಿನ ಗೆಳೆಯನ ಜೊತೆ ಅಳಿಲು ಬೇಟೆಗೆ ಹೋಗುವ ಯೋಚನೆ. ಸ್ಕೋಪ್‌ಗೆ (ಗುರಿ ಇಡುವ ದುರ್ಬೀನು), ಅದನ್ನು ರೈಫಲ್ ಮೇಲೆ ಕೂರಿಸುವ ರಿಂಗ್ ಸೇರಿ, 150 ಡಾಲರ್ ಇಟ್ಟಿದ್ದೇನೆ. ಆನ್‌ಲೈನ್‌ನಲ್ಲಿ 4-16×50 ಸ್ಕೋಪ್, ಕೆಂಪು-ಹಸಿರು ದೀಪ, ಲೇಸರ್ ಎಲ್ಲ ಸೇರಿ 60 ಡಾಲರ್‌ಗೆ ಸಿಗುತ್ತಿದೆ. ಅಂಗಡಿಯವರು ಮಾತ್ರ ಅದರ ಎರಡರಷ್ಟು ಬೆಲೆಯ 2-7×32 ಒಂದನ್ನು ತೋರಿಸುತ್ತಾರೆ. 16 ಪಟ್ಟು ಬಿಟ್ಟು 7 ಪಟ್ಟಿಗೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು? ಊರಿನಲ್ಲಿರುವ ತಮ್ಮನೂ ತನ್ನ ಏರ್‌ಗನ್‌ಗೆ ಒಂದು ಸ್ಕೋಪ್ ತಂದುಕೊಡು ಅಂತಿದ್ದಾನೆ.

ಉತ್ತರ: ಅಂಗಡಿಯವರು ಹೇಳಿದ್ದೇ ಸರಿ. 2-7×32 ತಗೊಳ್ಳಿ (ಅಂದರೆ 2ರಿಂದ 7 ಪಟ್ಟು ಹಿಗ್ಗಿಸುವ, ಮುಂದಿನ ಗಾಜು 32 ಮಿಲಿಮೀಟರ್ ಅಡ್ಡಳತೆಯದು). ಆದರೆ ದುಡ್ಡು ಕೊಡುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಆ ಸ್ಕೋಪಿನ ಪ್ಯಾರಲಾಕ್ಸ್ 50 ಗಜಕ್ಕೆ ಹೊಂದಿಸಿದ್ದೋ, 100 ಗಜಕ್ಕೋ? (ಪ್ಯಾರಲಾಕ್ಸ್ ಅಂದರೇನು ಅಂತ ಮುಂದೆ ಹೇಳುತ್ತೇನೆ.) ನಿಮ್ಮ ಬೇಟೆಗೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದಕ್ಕಿಂತ ಈ ಪ್ರಶ್ನೆ ದೊಡ್ಡದು. ಡಬ್ಬಿಯ ಮೇಲೆ ಝೂಮ್ ದಪ್ಪಕ್ಷರದಲ್ಲಿರುತ್ತದೆ. ಪ್ಯಾರಲಾಕ್ಸ್ ಹಿಂದಿನ ಬದಿಯಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಕೆಲವು ಸಲ ಅದೂ ಇರುವುದಿಲ್ಲ.

ಮೊದಲು ಬೇಟೆಯ ದೂರ ನೋಡೋಣ. ಇಲ್ಲಿನ ಬೂದು ಅಳಿಲು ನಮ್ಮ ಅಂಗಳದ ಮೂರು ಗೀರಿನ ಅಳಿಲಲ್ಲ. ಹೆಚ್ಚುಕಮ್ಮಿ ಅರ್ಧ ಕಿಲೋ ತೂಗುತ್ತದೆ. ಫಾಕ್ಸ್ ಸ್ಕ್ವಿರಲ್ ಅನ್ನುವುದು ಅದಕ್ಕಿಂತ ದೊಡ್ಡದು. ಅಳಿಲು ಸೇವೆಯ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬೇಯಿಸಿ ತಿನ್ನುತ್ತಾರೆ ಅಂದರೆ ಕಸಿವಿಸಿ ಆಗುತ್ತದೆ, ಅಲ್ವಾ? ಇಲ್ಲಿ ಅದು ತಲೆಮಾರುಗಳಿಂದ ನಡೆದುಬಂದ ಊಟದ ಬೇಟೆ. ಓಹಾಯೋದಲ್ಲಿ ಸೀಸನ್ ಸೆಪ್ಟೆಂಬರ್ 1ರಿಂದ ಜನವರಿ ಕೊನೆಯವರೆಗೆ. ದಿನಕ್ಕೆ ಒಬ್ಬರಿಗೆ ಆರು. ಹೊರಡುವ ಮುಂಚೆ ಆ ವರ್ಷದ ನಿಯಮಗಳನ್ನು ಒಮ್ಮೆ ಓದಿಕೊಳ್ಳಿ.

ಸೆಪ್ಟೆಂಬರ್‌ನಲ್ಲಿ ಕಾಡು ಪೂರ್ತಿ ಎಲೆ ತುಂಬಿಕೊಂಡಿರುತ್ತದೆ. ಹಿಕರಿ ಮರದ ಕಾಯಿ ಬಲಿತಿರುತ್ತದೆ. ಅದರ ಬುಡದ ಹತ್ತಿರ ಸುಮ್ನೆ ಕೂತರೆ, ಮೇಲೆ ಅಳಿಲು ಕಾಯಿ ಕೊರೆಯುವ ಸದ್ದು ಕೇಳುತ್ತದೆ, ಸಿಪ್ಪೆಯ ಚೂರು ಉದುರುತ್ತದೆ. ಆಗ ನೀವು ಗುಂಡು ಹಾರಿಸುವುದು 15ರಿಂದ 30 ಗಜ ದೂರಕ್ಕೆ. ಎಲೆಗಳು ಬೇರೆ ಅಷ್ಟಕ್ಕಿಂತ ದೂರ ನೋಡಲು ಬಿಡುವುದಿಲ್ಲ. ನವೆಂಬರ್ ಮುಗಿಯುವ ಹೊತ್ತಿಗೆ ಎಲೆ ಉದುರಿ 40, 50 ಗಜದವರೆಗೂ ಕಾಣುತ್ತದೆ. ಅದರಾಚೆಗೆ .22ರಲ್ಲಿ ಅಳಿಲಿಗೆ ಗುರಿ ಇಡುವುದು ನನ್ನ ಪ್ರಕಾರ ಬೇಡದ ಕೆಲಸ. ಮಾಂಸ ಕೆಡಬಾರದು, ಪ್ರಾಣಿ ನರಳಬಾರದು ಅಂತ ಹೆಚ್ಚಿನವರು ತಲೆಗೇ ಹೊಡೆಯುತ್ತಾರೆ. ಆ ಜಾಗ ಅಡ್ಡಕ್ಕೆ ಒಂದೂವರೆ ಇಂಚು ಇದ್ದರೆ ಹೆಚ್ಚು. ಅಂದರೆ ಮಧ್ಯದಿಂದ ಯಾವ ಕಡೆಗೂ ಮುಕ್ಕಾಲು ಇಂಚು, ಸುಮಾರು 19 ಮಿಲಿಮೀಟರ್. ಈ 19 ನೆನಪಿರಲಿ.

ಈಗ ಪ್ಯಾರಲಾಕ್ಸ್. ಸ್ಕೋಪಿನ ಮುಂದಿನ ಗಾಜು ಗುರಿಯ ಒಂದು ಬಿಂಬವನ್ನು ಕೊಳವೆಯ ಒಳಗೆ ಮೂಡಿಸುತ್ತದೆ. ಅಡ್ಡ-ಉದ್ದ ಗೆರೆಗಳ ಕ್ರಾಸ್‌ಹೇರ್ ಒಳಗೆ ಒಂದು ಕಡೆ ನೆಟ್ಟಿರುತ್ತದೆ. ಬಿಂಬ ಸರಿಯಾಗಿ ಆ ಗೆರೆಗಳ ಮೇಲೇ ಬಿದ್ದರೆ ತೊಂದರೆ ಇಲ್ಲ. ಆದರೆ ಬಿಂಬ ಬೀಳುವ ಜಾಗ ಗುರಿಯ ದೂರದ ಮೇಲೆ ನಿಂತಿದೆ. ಕಂಪನಿಯವರು ಒಂದು ದೂರ ಆರಿಸಿ, ಆ ದೂರಕ್ಕೆ ಎರಡೂ ಕೂಡುವ ಹಾಗೆ ಮಾಡಿ ಬೆಸೆದುಬಿಡುತ್ತಾರೆ. ಜಿಂಕೆ ಬೇಟೆಯ ದೊಡ್ಡ ರೈಫಲ್‌ಗಳ ಸ್ಕೋಪಿಗೆ ಅದು ಸಾಮಾನ್ಯವಾಗಿ 100 ಗಜ. .22ಕ್ಕೆ ಅಂತ ಮಾಡಿದ ರಿಮ್‌ಫೈರ್ ಸ್ಕೋಪಿಗೆ ಹೆಚ್ಚಾಗಿ 50 ಗಜ. ಬೇರೆ ದೂರಗಳಲ್ಲಿ ಬಿಂಬ ಗೆರೆಯ ಹಿಂದೆಯೋ ಮುಂದೆಯೋ ಬೀಳುತ್ತದೆ. ಆಗ ನಿಮ್ಮ ಕಣ್ಣು ಸ್ವಲ್ಪ ಅತ್ತಿತ್ತ ಸರಿದರೂ ಕ್ರಾಸ್‌ಹೇರ್ ಗುರಿಯ ಮೇಲೆ ಜಾರುತ್ತದೆ. ನಳಿಗೆ ಅಲುಗಿರುವುದಿಲ್ಲ. ನಿಮಗೆ ಮಾತ್ರ ಗುರಿ ಬೇರೆ ಕಡೆ ಕಾಣುತ್ತದೆ.

ಇದನ್ನು ನೀವೇ ನೋಡಬಹುದು. ಶೂಟಿಂಗ್ ರೇಂಜಿನಲ್ಲಿ ಖಾಲಿ ರೈಫಲನ್ನು ಮರಳು ಚೀಲದ ಮೇಲೆ ಭದ್ರವಾಗಿ ಇಡಿ. 25 ಗಜದಲ್ಲಿರುವ ಕಾಗದದ ಚುಕ್ಕೆಯ ಮೇಲೆ ಕ್ರಾಸ್‌ಹೇರ್ ಕೂರಿಸಿ. ಕೈ ತೆಗೆಯಿರಿ. ರೈಫಲ್ ಮುಟ್ಟದೆ ತಲೆಯನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಆಡಿಸಿ. 100 ಗಜದ ಸ್ಕೋಪ್ ಆದರೆ ಗೆರೆ ಚುಕ್ಕೆ ಬಿಟ್ಟು ಈ ಕಡೆ ಆ ಕಡೆ ಹರಿದಾಡುವುದು ಚೆನ್ನಾಗಿ ಕಾಣುತ್ತದೆ.

ಎಷ್ಟು ತಪ್ಪಬಹುದು? ಅಂದಾಜು ಲೆಕ್ಕ ಸುಲಭ. ಮುಂದಿನ ಗಾಜಿನ ಅಡ್ಡಳತೆಯ ಅರ್ಧ ತಗೊಳ್ಳಿ. ಗುರಿಯ ದೂರಕ್ಕೂ ಸ್ಕೋಪ್ ಹೊಂದಿಸಿದ ದೂರಕ್ಕೂ ಇರುವ ವ್ಯತ್ಯಾಸದಿಂದ ಗುಣಿಸಿ. ಹೊಂದಿಸಿದ ದೂರದಿಂದ ಭಾಗಿಸಿ. 100 ಗಜಕ್ಕೆ ಹೊಂದಿಸಿದ 50 ಮಿಲಿಮೀಟರ್ ಗಾಜು, 25 ಗಜದಲ್ಲಿ ಅಳಿಲು ಅಂದುಕೊಳ್ಳಿ. 25 ಗುಣಿಸು 75, ಭಾಗಿಸು 100. ಹತ್ತಿರ ಹತ್ತಿರ 19 ಮಿಲಿಮೀಟರ್! ಅಳಿಲಿನ ತಲೆಯ ಮಧ್ಯಕ್ಕೆ ಇಟ್ಟ ಗುರಿ ಅಂಚಿಗೆ ಬಂದು ನಿಂತಿತು. ಇನ್ನು ಕೈ ನಡುಕ, ತೋಟಾದ ವ್ಯತ್ಯಾಸ ಬೇರೆ. 50 ಗಜಕ್ಕೆ ಹೊಂದಿಸಿದ 32 ಮಿಲಿಮೀಟರ್ ಗಾಜಿಗೆ ಇದೇ ಲೆಕ್ಕ ಹಾಕಿದರೆ 8 ಮಿಲಿಮೀಟರ್ ಬರುತ್ತದೆ. ಕಣ್ಣು ತೀರಾ ಅಂಚಿಗೆ ಸರಿದಾಗ ಆಗುವ ಗರಿಷ್ಠ ತಪ್ಪು ಇದು. ಕಣ್ಣು ನಟ್ಟನಡುವೆ ಇದ್ದರೆ ಎರಡರಲ್ಲೂ ತಪ್ಪು ಸೊನ್ನೆ. ಆದರೆ ಕಾಡಿನಲ್ಲಿ ಮರಕ್ಕೆ ಒರಗಿ, ಕತ್ತು ಮೇಲೆತ್ತಿ, ಅವಸರದಲ್ಲಿ ಗುರಿ ಇಡುವಾಗ ಕಣ್ಣು ಯಾರದ್ದು ನಡುವೆ ಇರುತ್ತದೆ?

ನೀವು ನೋಡಿದ 4-16×50 ಇಲ್ಲಿ ಇನ್ನೊಂದು ಪೆಟ್ಟು ಕೊಡುತ್ತದೆ. 50 ಮಿಲಿಮೀಟರ್ ಗಾಜು ನಳಿಗೆಗೆ ತಾಗದಂತೆ ಕೂರಬೇಕಾದರೆ ಎತ್ತರದ ರಿಂಗ್ ಬೇಕು. ಸ್ಕೋಪ್ ಎತ್ತರಕ್ಕೆ ಹೋದರೆ ಕೆನ್ನೆ ಮರದ ಹಿಡಿಯಿಂದ ಮೇಲೇಳುತ್ತದೆ. 10/22ರ ಮಾಮೂಲಿ ಹಿಡಿ ಮೊದಲೇ ತಗ್ಗು. ಅದನ್ನು ರೈಫಲ್ ಮೇಲೇ ಇರುವ ಬರಿಗಣ್ಣಿನ ಗುರಿಗೆ ಅಂತ ರೂಪಿಸಿದ್ದು. ಕೆನ್ನೆಗೆ ಆಧಾರ ಇಲ್ಲದಿದ್ದರೆ ತಲೆ ಪ್ರತಿ ಸಲ ಒಂದೊಂದು ಕಡೆ ನಿಲ್ಲುತ್ತದೆ, ಪ್ಯಾರಲಾಕ್ಸ್ ಪೂರ್ತಿಯಾಗಿ ಕೈ ಕೊಡುವುದು ಆಗಲೇ. ಮೇಲಾಗಿ ರೈಫಲ್ ತೂಕವೇ ಸುಮಾರು ಎರಡೂಕಾಲು ಕಿಲೋ. ಅದರ ಮೇಲೆ ಮುಕ್ಕಾಲು ಕಿಲೋ ಹತ್ತಿರದ ಕೊಳವೆ ಕೂರಿಸಿದರೆ ತಲೆಭಾರ. 32 ಮಿಲಿಮೀಟರ್ ಸ್ಕೋಪ್ ತಗ್ಗಿನ ರಿಂಗ್‌ನಲ್ಲಿ ಕೂರುತ್ತದೆ, ಕೆನ್ನೆ ತನ್ನ ಜಾಗದಲ್ಲೇ ಇರುತ್ತದೆ.

ನ್ಯಾಯವಾಗಿ ಒಂದು ಮಾತು. ಕೆಲವು ದೊಡ್ಡ ಸ್ಕೋಪ್‌ಗಳಲ್ಲಿ ಪ್ಯಾರಲಾಕ್ಸ್ ಹೊಂದಿಸಲು ಮುಂದಿನ ಗಾಜಿನ ಸುತ್ತ ಒಂದು ಬಳೆಯೋ, ಪಕ್ಕದಲ್ಲಿ ಒಂದು ಗುಂಡಿಯೋ ಇರುತ್ತದೆ. ಚೆನ್ನಾಗಿ ಕೆಲಸ ಮಾಡಿದರೆ ಒಳ್ಳೆಯ ಸೌಲಭ್ಯ. ಬೆಂಚಿನ ಮೇಲೆ ಕೂತು ಕಾಗದಕ್ಕೆ ಹೊಡೆಯುವವರಿಗೆ ಬೇಕೇಬೇಕು. ಅಳಿಲು ಕೊಂಬೆಯಿಂದ ಕೊಂಬೆಗೆ ಹಾರುವಾಗ ಬಳೆ ತಿರುಗಿಸುತ್ತ ಕೂರಲು ಪುರುಸೊತ್ತಿರುವುದಿಲ್ಲ. 60 ಡಾಲರಿನ ಸ್ಕೋಪಿನಲ್ಲಂತೂ ಆ ಬಳೆಯ ಮೇಲಿನ ಅಂಕಿಗಳನ್ನು ನಾನು ನಂಬುವುದಿಲ್ಲ.

ಝೂಮ್ ವಿಷಯಕ್ಕೆ ಬರೋಣ. ಹಿಗ್ಗಿಸಿದಷ್ಟೂ ಕಾಣುವ ಜಾಗ ಕುಗ್ಗುತ್ತದೆ. 2 ಪಟ್ಟಿನಲ್ಲಿ 100 ಗಜದಾಚೆ ಸುಮಾರು 42 ಅಡಿ ಅಗಲ ಕಂಡರೆ, 20 ಗಜದಲ್ಲಿ ಎಂಟಡಿ ಕಾಣುತ್ತದೆ. ಇಡೀ ಕೊಂಬೆ ಕಣ್ಣಿಗೆ ಸಿಗುತ್ತದೆ. 9 ಪಟ್ಟಿನಲ್ಲಿ ಅದೇ 20 ಗಜಕ್ಕೆ ಮೂರಡಿಯೂ ಇಲ್ಲ. 16ರಲ್ಲಿ ಬರೀ ಎಲೆ, ಬರೀ ತೊಗಟೆ. ಅಳಿಲು ಎಲ್ಲಿ ಅಂತ ಹುಡುಕುವುದರಲ್ಲೇ ಅದು ಮರದ ಆಚೆ ಬದಿಗೆ ಹೋಗಿರುತ್ತದೆ. ಸೆಪ್ಟೆಂಬರ್‌ನಲ್ಲಿ 3 ಅಥವಾ 4 ಪಟ್ಟಿಗೆ ಇಟ್ಟು ಮರೆತುಬಿಡಿ. ಡಿಸೆಂಬರ್‌ನಲ್ಲಿ 5, 6ಕ್ಕೆ ಏರಿಸಿ. ಝೂಮ್ ಇಲ್ಲದ 4×32 ಸ್ಕೋಪ್ ಸಿಕ್ಕರೂ ಬಿಡಬೇಡಿ. ಅಲುಗಾಡುವ ಭಾಗ ಕಮ್ಮಿ, ಅದೇ ಬೆಲೆಗೆ ಗಾಜು ಚೆನ್ನಾಗಿರುತ್ತದೆ.

ಬೆಳಕೂ ಇದಕ್ಕೇ ತಗಲಿಕೊಂಡಿದೆ. ಗಾಜಿನ ಅಡ್ಡಳತೆಯನ್ನು ಝೂಮ್‌ನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಳತೆ ಸಿಗುತ್ತದೆ. 32ನ್ನು 5ರಿಂದ ಭಾಗಿಸಿದರೆ 6.4 ಮಿಲಿಮೀಟರ್. ಬೆಳಗಿನ ಮಬ್ಬಿನಲ್ಲಿ ನಿಮ್ಮ ಕಣ್ಣಿನ ಪಾಪೆ ಅಷ್ಟೇ ತೆರೆದಿರುತ್ತದೆ, ಸಾಕು. 50ನ್ನು 16ರಿಂದ ಭಾಗಿಸಿದರೆ ಬರೀ 3.1. ದೊಡ್ಡ ಗಾಜು ಅಂದರೆ ಜಾಸ್ತಿ ಬೆಳಕು ಅಂತ ಅಂದುಕೊಂಡು ಪೂರ್ತಿ ಝೂಮ್‌ನಲ್ಲಿ ನೋಡಿದರೆ ಕತ್ತಲೆಯೇ. ಗಾಜಿನ ಲೇಪನದ ಬಗ್ಗೆ ಒಂದೇ ಮಾತು: ‘ಫುಲ್ಲಿ ಮಲ್ಟಿ-ಕೋಟೆಡ್’ ಅಂದರೆ ಗಾಳಿ ಸೋಕುವ ಎಲ್ಲ ಗಾಜಿಗೂ ಹಲವು ಪದರ ಬಳಿದಿದೆ ಅಂತ. ಬರೀ ‘ಕೋಟೆಡ್’ ಅಂತಿದ್ದರೆ ಎಲ್ಲೋ ಒಂದು ಮೈಗೆ ಒಂದು ಪದರ ಇರಬಹುದು, ಅಷ್ಟೇ.

ಕೆಂಪು-ಹಸಿರು ದೀಪ, ಲೇಸರ್ ಇವು ಬೇಡ. 60 ಡಾಲರ್‌ನಲ್ಲಿ ಇಷ್ಟೆಲ್ಲ ಕೊಟ್ಟಿದ್ದಾರೆ ಅಂದರೆ ದುಡ್ಡು ಎಲ್ಲಿ ಉಳಿಸಿರಬೇಕು ಯೋಚಿಸಿ. ಒಳಗಿನ ಸ್ಪ್ರಿಂಗು, ತಿರುಪು, ರಬ್ಬರ್ ಉಂಗುರಗಳಲ್ಲಿ. ಅಗ್ಗದ ಸ್ಕೋಪ್ ಕೈ ಕೊಡುವುದೂ ಅಲ್ಲೇ. ಗುರಿ ಸರಿಪಡಿಸುವ ಗುಂಡಿಯನ್ನು ನಾಲ್ಕು ಕ್ಲಿಕ್ ತಿರುಗಿಸಿದರೂ ಗುಂಡು ಬೀಳುವ ಜಾಗ ಕದಲುವುದಿಲ್ಲ. ಮೂರು ಗುಂಡು ಹೊಡೆದ ಮೇಲೆ ಇದ್ದಕ್ಕಿದ್ದಂತೆ ಜಿಗಿಯುತ್ತದೆ. ಅಥವಾ ಚಳಿಯಿಂದ ಬೆಚ್ಚಗಿನ ಕಾರಿನೊಳಗೆ ತಂದ ಕೂಡಲೇ ಒಳಗಡೆ ಮಂಜು ಕಟ್ಟುತ್ತದೆ. ಹೊರಗಡೆ ಮಂಜು ಕಟ್ಟಿದರೆ ಒರೆಸಬಹುದು. ಒಳಗಿನದ್ದಕ್ಕೆ ಏನೂ ಮಾಡಲಾಗದು. ನೈಟ್ರೋಜನ್ ತುಂಬಿ ಮುಚ್ಚಿದ ಸ್ಕೋಪನ್ನೇ ಕೇಳಿ.

ಹೆಸರು ಹೇಳಿ ಅಂತೀರಾ? ವೋರ್ಟೆಕ್ಸ್ ಕ್ರಾಸ್‌ಫೈರ್ 2 ಸರಣಿಯಲ್ಲಿ 2-7×32 ರಿಮ್‌ಫೈರ್ ಇದೆ. 50 ಗಜದ ಪ್ಯಾರಲಾಕ್ಸ್, ತೂಕ 400 ಗ್ರಾಂ ಆಸುಪಾಸು. ಕೆಟ್ಟರೆ ರಸೀದಿ ಇಲ್ಲದಿದ್ದರೂ, ನೀವು ಮೊದಲ ಮಾಲೀಕ ಅಲ್ಲದಿದ್ದರೂ ಕಂಪನಿ ಸರಿಮಾಡಿಕೊಡುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಂಡರೂ ಭಯವಿಲ್ಲ. ರಿಯಾಯಿತಿಯಲ್ಲಿ ಸಿಕ್ಕರೆ ನಿಮ್ಮ ಬಜೆಟ್‌ನ ಹತ್ತಿರ ಬರುತ್ತದೆ, ಒಂದೇ ಪೆಟ್ಟಿಗೆ ಕೊಳ್ಳುವುದಾದರೆ ಇದೇ ನನ್ನ ಆಯ್ಕೆ. ಅದೇ ಸರಣಿಯಲ್ಲಿ ರಿಮ್‌ಫೈರ್ ಅಲ್ಲದ 2-7×32 ಕೂಡ ಇದೆ, ಹೊರಗಿನಿಂದ ಎರಡೂ ಒಂದೇ ಥರ. ನೋಡಿಕೊಂಡು ತಗೊಳ್ಳಿ. ಅಷ್ಟು ಖರ್ಚು ಬೇಡ ಅಂದರೆ ಸಿಮನ್ಸ್‌ನವರ .22 ಮ್ಯಾಗ್ 3-9×32 ಇದೆ. ಅದರ ಅರ್ಧಕ್ಕಿಂತ ಕಮ್ಮಿ ಬೆಲೆ, ರಿಂಗ್ ಜೊತೆಗೇ ಬರುತ್ತದೆ. ಗಾಜು ಸಾಧಾರಣ, ಮಬ್ಬಿನಲ್ಲಿ ಹತ್ತು ನಿಮಿಷ ಮುಂಚೆಯೇ ಸೋಲುತ್ತದೆ ಅಂದುಕೊಳ್ಳಿ. ಆದರೆ 50 ಗಜದ ಪ್ಯಾರಲಾಕ್ಸ್ ಇದೆ, .22ರ ಸಣ್ಣ ಒದೆತಕ್ಕೆ ತಡೆಯುತ್ತದೆ. ಲೂಪೋಲ್ಡ್ ಚೆನ್ನಾಗಿದೆ, ಆದರೆ ನಿಮ್ಮ ಬಜೆಟ್ ದಾಟುತ್ತದೆ.

ಒಂದೊಂದು ದೂರಕ್ಕೆ ಒಂದೊಂದು ಚುಕ್ಕೆ ಇರುವ ಕ್ರಾಸ್‌ಹೇರ್ ಬೇಕಾ ಅಂತ ಅಂಗಡಿಯಲ್ಲಿ ಕೇಳಬಹುದು. ಬೇಡ. ಸೆಕೆಂಡಿಗೆ 1,235 ಅಡಿ ವೇಗದ, 40 ಗ್ರೇನ್ ತೂಕದ ಗುಂಡಿನ ತೋಟಾ, ನಳಿಗೆಯಿಂದ ಒಂದೂವರೆ ಇಂಚು ಮೇಲೆ ಸ್ಕೋಪ್, 50 ಗಜಕ್ಕೆ ಗುರಿ ಕೂಡಿಸಿದ್ದು (ಆ ದೂರದಲ್ಲಿ ಗುಂಡು ಕ್ರಾಸ್‌ಹೇರ್ ನಡುವಿಗೇ ಬೀಳುವಂತೆ ಹೊಂದಿಸಿದ್ದು) ಅಂತ ಇಟ್ಟುಕೊಳ್ಳಿ. 20 ಗಜದಿಂದ 50 ಗಜದವರೆಗೆ ಗುಂಡು ನಿಮ್ಮ ದೃಷ್ಟಿರೇಖೆಯಿಂದ ಕಾಲು ಇಂಚಿನ ಆಸುಪಾಸಿನಲ್ಲೇ ಓಡುತ್ತದೆ. ತಲೆಗೆ ಇಟ್ಟರೆ ತಲೆಗೇ. 75 ಗಜದಲ್ಲಿ ಎರಡು ಇಂಚು, 100 ಗಜದಲ್ಲಿ ಆರು ಇಂಚು ಕೆಳಗೆ ಬೀಳುತ್ತದೆ, ಅಲ್ಲಿಗೆ ನೀವು ಹೊಡೆಯುವುದಿಲ್ಲ. ಜನ ಮರೆಯುವುದು ತೀರಾ ಹತ್ತಿರದ್ದನ್ನು. 10 ಗಜದಲ್ಲಿ ಗುಂಡು ಇನ್ನೂ ಸುಮಾರು ಮುಕ್ಕಾಲು ಇಂಚು ಕೆಳಗೇ ಇರುತ್ತದೆ, ಯಾಕೆಂದರೆ ನಳಿಗೆ ಸ್ಕೋಪಿನ ಕೆಳಗಿದೆ. ಅಳಿಲು ನೆತ್ತಿಯ ಮೇಲೇ ಬಂದು ಕೂತರೆ ಸ್ವಲ್ಪ ಮೇಲಕ್ಕೆ ಗುರಿ ಇಡಿ.

ರಿಂಗ್ ಕೊಳ್ಳುವಾಗ ಹುಷಾರು. ಹೆಚ್ಚಿನ .22 ರೈಫಲ್‌ಗಳ ಮೇಲ್ಭಾಗದಲ್ಲಿ ರಿಂಗ್ ಹಿಡಿಯಲು 11 ಮಿಲಿಮೀಟರಿನ ಕೊರೆದ ಜಾಡು ಇರುತ್ತದೆ. ದೊಡ್ಡ ರೈಫಲ್‌ನ ವೀವರ್ ರಿಂಗ್ ಅದಕ್ಕೆ ಹತ್ತುವುದಿಲ್ಲ. ನಿಮ್ಮ 10/22ರ ಜೊತೆ ಡಬ್ಬಿಯಲ್ಲಿ ಒಂದು ಅಲ್ಯೂಮಿನಿಯಂ ಪಟ್ಟಿ ಬಂದಿರುತ್ತದೆ, ಎರಡೂ ಬಗೆಯ ರಿಂಗ್ ಹಿಡಿಯುವಂಥದ್ದು. ಹುಡುಕಿ ನೋಡಿ, ಎಷ್ಟೋ ಜನ ಅದನ್ನು ಡಬ್ಬಿ ಸಮೇತ ಅಟ್ಟಕ್ಕೆ ಹಾಕಿರುತ್ತಾರೆ. ಒಂದಿಂಚಿನ ಕೊಳವೆಗೆ ತಗ್ಗಿನ ವೀವರ್ ರಿಂಗ್ 20 ಡಾಲರ್ ಒಳಗೇ ಸಿಗುತ್ತದೆ. ಸ್ಕೋಪ್ ಸಡಿಲವಾಗಿ ಕೂರಿಸಿ, ಕಣ್ಣು ಮುಚ್ಚಿ, ರೈಫಲ್ ಹೆಗಲಿಗೇರಿಸಿ, ಕೆನ್ನೆ ಊರಿ. ಕಣ್ಣು ತೆರೆದಾಗ ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಾಣುವವರೆಗೆ ಹಿಂದೆ ಮುಂದೆ ಸರಿಸಿ. ಗೆರೆ ನೆಟ್ಟಗಿದೆಯಾ ನೋಡಿ. ಆಮೇಲೆ ತಿರುಪುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಜೋರು ಮಾಡಿದರೆ ತೆಳ್ಳನೆ ಕೊಳವೆ ಚಪ್ಪಟೆಯಾಗುತ್ತದೆ.

ಗುರಿ ಕೂಡಿಸುವಾಗ ಹೊಸಬರು ತಡವರಿಸುವುದು ಕ್ಲಿಕ್ ಲೆಕ್ಕದಲ್ಲಿ. ಗುಂಡಿಯ ಮೇಲೆ ‘ಕ್ಲಿಕ್‌ಗೆ 1/4 ಎಂಒಎ’ ಅಂತ ಇರುತ್ತದೆ (ಎಂಒಎ ಕೋನದ ಒಂದು ಸಣ್ಣ ಅಳತೆ). ಅದು 100 ಗಜದಲ್ಲಿ ಕಾಲು ಇಂಚು. 50 ಗಜದಲ್ಲಿ ಅದರ ಅರ್ಧ, ಅಂದರೆ ಒಂದಿಂಚು ಸರಿಸಲು ಎಂಟು ಕ್ಲಿಕ್. 25 ಗಜದಲ್ಲಿ ಒಂದಿಂಚಿಗೆ ಹದಿನಾರು. ಗುಂಡಿಯ ಮೇಲಿನ ‘ಅಪ್’ ಬಾಣ ಗುಂಡು ಬೀಳುವ ಜಾಗವನ್ನು ಮೇಲಕ್ಕೆ ಒಯ್ಯುತ್ತದೆ, ಗೆರೆಯನ್ನಲ್ಲ. ಮೊದಲು 25 ಗಜದಲ್ಲಿ ಕಾಗದದ ಮೇಲೆ ತನ್ನಿ, ಆಮೇಲೆ 50ರಲ್ಲಿ ಮುಗಿಸಿ. ಒಂದು ಗುಂಡು ನೋಡಿ ತಿರುಗಿಸಬೇಡಿ. ಐದು ಹೊಡೆದು, ಆ ಐದರ ನಡು ಎಲ್ಲಿದೆ ನೋಡಿ ತಿರುಗಿಸಿ. ಗುರಿ ಕೂಡಿದ ಮೇಲೆ ಒಂದು ಪರೀಕ್ಷೆ ಮಾಡಿ. 20 ಕ್ಲಿಕ್ ಮೇಲೆ, 20 ಬಲಕ್ಕೆ, 20 ಕೆಳಗೆ, 20 ಎಡಕ್ಕೆ ತಿರುಗಿಸುತ್ತ, ಪ್ರತಿ ಮೂಲೆಯಲ್ಲೂ ಹೊಡೆಯಿರಿ. ಕೊನೆಗೆ ಮೊದಲಿನ ಜಾಗಕ್ಕೇ ಗುಂಡು ಬಂದರೆ ಸ್ಕೋಪ್ ಇಟ್ಟುಕೊಳ್ಳಿ. ಬರದಿದ್ದರೆ ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಕೊಟ್ಟುಬಿಡಿ.

ಇದಕ್ಕೂ ಮೊದಲು ಮೂರ್ನಾಲ್ಕು ಬಗೆಯ ತೋಟಾ ತಂದು ಹೊಡೆದು ನೋಡಿ. .22 ರೈಫಲ್‌ಗಳಿಗೆ ಒಂದೊಂದಕ್ಕೆ ಒಂದೊಂದು ತೋಟಾ ಹಿಡಿಸುತ್ತದೆ. ಪಕ್ಕದವನ ಬಂದೂಕಿನಲ್ಲಿ ಒಂದೇ ತೂತಿಗೆ ಹೋಗುವ ತೋಟಾ ನಿಮ್ಮದರಲ್ಲಿ ಚೆಲ್ಲಾಪಿಲ್ಲಿ ಆಗಬಹುದು. ತೋಟಾ ಬದಲಾಯಿಸಿದರೆ ಗುರಿಯೂ ಬದಲಾಗುತ್ತದೆ, ಮತ್ತೆ ಕೂಡಿಸಬೇಕು.

ದುಡ್ಡು ಮಿಕ್ಕಿದರೆ ಒಂದು ಸಣ್ಣ ಬೈನಾಕ್ಯುಲರ್ ತಗೊಳ್ಳಿ. ಪೊದೆಯಲ್ಲಿ ಏನೋ ಅಲುಗಿತು ಅಂತ ಸ್ಕೋಪ್‌ನಲ್ಲಿ ನೋಡಿದರೆ, ತುಂಬಿದ ಬಂದೂಕನ್ನು ಆ ‘ಏನೋ’ ಕಡೆ ತಿರುಗಿಸಿದ ಹಾಗೆ. ಅದು ಇನ್ನೊಬ್ಬ ಬೇಟೆಗಾರನೂ ಆಗಿರಬಹುದು. ಮೇಲಕ್ಕೆ ಹೊಡೆಯುವಾಗ ಅಳಿಲಿನ ಹಿಂದೆ ಕಾಂಡವೋ ದಪ್ಪ ಕೊಂಬೆಯೋ ಇರಲಿ. ಬರೀ ಆಕಾಶ ಇದ್ದರೆ ಬಿಟ್ಟುಬಿಡಿ. .22 ಗುಂಡು ಒಂದು ಮೈಲಿಗೂ ಆಚೆ ಹೋಗಿ ಬೀಳಬಲ್ಲದು.

ನೀವು ಯಾವ ವೀಸಾದಲ್ಲಿದ್ದೀರಿ ಅಂತ ಬರೆದಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಈ ಮಾತು ನಿಮಗಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾ ಆದರೆ, ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ತರಬೇತಿ ಕೋರ್ಸಿನ ಸರ್ಟಿಫಿಕೇಟ್ ಲೈಸೆನ್ಸ್ ಅಲ್ಲ, ಅದು ಬೇರೆ, ಇದು ಬೇರೆ.

ಇನ್ನು ತಮ್ಮನ ವಿಷಯ. ಸೂಟ್‌ಕೇಸಿನಲ್ಲಿ ಸ್ಕೋಪ್ ಹಾಕಿಕೊಂಡು ಹೋಗಬೇಡಿ. ರೈಫಲ್ ಸ್ಕೋಪ್‌ಗಳು ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿವೆ. ಉಡುಗೊರೆ ಅಂದರೂ ನಿಯಮ ಅನ್ವಯಿಸುತ್ತದೆ. ಅವನು ಅಲ್ಲೇ ಕೊಳ್ಳಲಿ. ಕೊಳ್ಳುವಾಗ ನಿಮಗೆ ಹೇಳಿದ್ದನ್ನು ಅವನಿಗೆ ಹಾಗೇ ಹೇಳಬೇಡಿ, ಏರ್‌ಗನ್‌ನ ಸಮಸ್ಯೆಯೇ ಬೇರೆ. ನಳಿಗೆ ಮುರಿದು ಸ್ಪ್ರಿಂಗ್ ಬಿಗಿ ಮಾಡುವ ಏರ್‌ಗನ್ ಹಿಂದಕ್ಕೆ ಒದೆಯುವುದಷ್ಟೇ ಅಲ್ಲ, ಪಿಸ್ಟನ್ ಹೋಗಿ ಬಡಿದಾಗ ಮುಂದಕ್ಕೂ ಜಗ್ಗುತ್ತದೆ. .22ರ ಮೇಲೆ ವರ್ಷಗಟ್ಟಲೆ ಬಾಳುವ ಸ್ಕೋಪ್ ಇದರ ಮೇಲೆ ಕೆಲವೇ ಡಬ್ಬಿ ಪೆಲೆಟ್‌ಗೆ ಸಡಿಲಾಗಬಹುದು. ಸ್ಪ್ರಿಂಗ್ ಏರ್‌ಗನ್‌ಗೆ ತಡೆಯುತ್ತದೆ ಅಂತ ಸ್ಪಷ್ಟವಾಗಿ ಬರೆದಿರುವುದು, ಪ್ಯಾರಲಾಕ್ಸ್ 10 ಗಜದವರೆಗೆ ಇಳಿಸಬಹುದಾದದ್ದು ಬೇಕು. ರಿಂಗ್ ಹಿಂದಕ್ಕೆ ಜಾರದಂತೆ ತಡೆಯುವ ಒಂದು ಸ್ಟಾಪರ್ ಕೂಡ. ಕಾಗದದ ಗುರಿಗೆ, ಕೈಲ್ ಮುಹೂರ್ತದ (ಕೊಡವರ ಆಯುಧ ಪೂಜೆಯ ಹಬ್ಬ) ಹೊತ್ತಿನ ತೆಂಗಿನಕಾಯಿಗೆ ಗುರಿ ಹೊಡೆಯುವ ಸ್ಪರ್ಧೆಯ ತಯಾರಿಗೆ ಅದು ಚೆನ್ನಾಗಿ ಆಗುತ್ತದೆ. ತೋಟದ ಹಕ್ಕಿಗೂ ಅಳಿಲಿಗೂ ಹೊಡೆಯುವ ಯೋಚನೆ ಇದ್ದರೆ ಈಗಲೇ ಬಿಡಲು ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಏರ್‌ಗನ್ನೋ ಕೋವಿಯೋ ಅಂತ ನೋಡುವುದಿಲ್ಲ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿಯ ಲೈಸೆನ್ಸಿಗೆ ಮಾತ್ರ, ಬೇಟೆಗಲ್ಲ.